ಡಾ. ಟಿ. ಎಂ. ಎ. ಪೈಗಳೂ ಎರಡಾಣೆಯ ಬ್ಯಾಂಕೂ

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ನಮಗೆ ನೆನಪಾಗುವವರು ಅರಸರು, ಕವಿಗಳು, ಸಂತರು ಮತ್ತು ದೇಶಭಕ್ತರು. ಬ್ಯಾಂಕು ಕಟ್ಟಿದವರ ಕಥೆಯನ್ನು ತಿಳಿಯಬೇಕೆಂಬ ಕುತೂಹಲ ನಮ್ಮಲ್ಲಿ ಬಹುಮಂದಿಗೆ ಇಲ್ಲ. ಬ್ಯಾಂಕೆಂದರೆ ಲೆಕ್ಕದ ಪುಸ್ತಕ, ಬಡ್ಡಿ, ಚಲನ್ನು, ಜನರ ಸಾಲು. ಅಲ್ಲಿ ಬದುಕಿನ ಸ್ವಾರಸ್ಯವೇನಿದ್ದೀತು ಎಂಬುದು ಸಾಮಾನ್ಯವಾದ ಭಾವನೆ. ಆದರೆ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಬ್ಯಾಂಕು ಹಾಗೆ ದೂರದ ವಸ್ತುವಲ್ಲ. ಅದು ಒಂದು ಕಾಲದಲ್ಲಿ ಕೊಡೆ ಹಿಡಿದು, ಕಂಕುಳಲ್ಲಿ ಚೀಲ ಇಟ್ಟುಕೊಂಡು, ದಿನವೂ ನಮ್ಮ ಹಿರಿಯರ ಜಗಲಿಗೆ ನಡೆದು ಬರುತ್ತಿತ್ತು. ಹಾಗೆ ಅದನ್ನು ನಡೆಸಿಕೊಂಡು ಬಂದವರಲ್ಲಿ ಮುಖ್ಯರಾದವರು ಡಾ. ಟಿ. ಎಂ. ಎ. ಪೈಗಳು.

ಪೈಗಳ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಹೆಚ್ಚಿನವರು ಅವರನ್ನು ಬಲ್ಲುದು ಮಣಿಪಾಲದ ಕಾಲೇಜುಗಳನ್ನೂ ಆಸ್ಪತ್ರೆಯನ್ನೂ ಕಟ್ಟಿದವರೆಂದು. ಅವರ ಜೀವನದ ಮೊದಲ ದೊಡ್ಡ ಕೆಲಸವಾದ ಬ್ಯಾಂಕಿನ ವಿಚಾರವನ್ನು ಈ ಲೇಖನದಲ್ಲಿ ಪ್ರಧಾನವಾಗಿ ಹೇಳಬೇಕೆಂದಿದ್ದೇನೆ. ಒಂದು ಬ್ಯಾಂಕು ತಾನು ಹುಟ್ಟಿದ ಊರಿನ ಕಸುಬಿಗೂ ವ್ಯಾಪಾರಕ್ಕೂ ಹೇಗೆ ಬೆಂಬಲವಾಗಿ ನಿಲ್ಲಬಲ್ಲುದು, ಊರಿನವರ ಏಳಿಗೆಯನ್ನು ಹೇಗೆ ತನ್ನದೆಂದು ಕಾಣಬಲ್ಲುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ದೊರೆಯದು. ನಮ್ಮ ತರಗತಿಯ ಅರ್ಧದಷ್ಟು ಮಂದಿ ಬ್ಯಾಂಕಿನ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಈ ಹೊತ್ತಿನಲ್ಲಿ ಇದನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ತೋನ್ಸೆ ಮಾಧವ ಅನಂತ ಪೈಗಳು 1898ನೆಯ ಇಸವಿ ಎಪ್ರಿಲ್ 30ರಂದು ಜನಿಸಿದರು. ತೋನ್ಸೆ ಎಂಬುದು ಉಡುಪಿಯ ಸಮೀಪದ ಊರು. ಆ ಮನೆತನಕ್ಕೆ ಆ ಊರಿನ ಹೆಸರೇ ಅಂಟಿಕೊಂಡು ಬಂದಿದೆ. ಅಂದು ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ಆ ಕಾಲದ ಉಡುಪಿಯ ಬಾಲಕರ ಸಹಜ ಸ್ಥಿತಿ. ಉನ್ನತ ವಿದ್ಯೆಗಾಗಿ ನಮ್ಮವರು ಮದರಾಸಿಗೆ ಹೋಗಬೇಕಾಗಿತ್ತು. ಪೈಗಳೂ ಅಲ್ಲಿಗೆ ಹೋಗಿ ವೈದ್ಯಶಾಸ್ತ್ರವನ್ನು ಓದಿ, ಡಾಕ್ಟರಾಗಿ ಊರಿಗೆ ಹಿಂದಿರುಗಿದರು.

ವೈದ್ಯವೃತ್ತಿಯನ್ನು ಆರಂಭಿಸಿದ ತರುಣ ಡಾಕ್ಟರಿಗೆ ಬೇಗನೆ ಒಂದು ವಿಷಯ ಮನದಟ್ಟಾಯಿತು. ರೋಗಿಗೆ ಔಷಧ ಕೊಟ್ಟು ಕಳುಹಿಸಿದರೆ ಅವನು ಕೆಲವು ದಿನಗಳಲ್ಲಿ ಅದೇ ರೋಗದೊಡನೆ ಮತ್ತೆ ಬರುತ್ತಾನೆ. ಹೊಟ್ಟೆಗೆ ಸಾಲದ ಊಟ, ಅಶುಚಿಯಾದ ನೀರು, ಶುಚಿತ್ವದ ಅರಿವಿಲ್ಲದಿರುವುದು, ಇವುಗಳಿಗೆ ಸೀಸೆಯಲ್ಲಿ ಮದ್ದಿಲ್ಲ. ರೋಗ, ಅಜ್ಞಾನ ಮತ್ತು ಬಡತನ ಇವು ಮೂರೂ ಒಂದನ್ನೊಂದು ಸಾಕುತ್ತವೆ. ಒಂದನ್ನು ಮಾತ್ರ ಓಡಿಸಿದರೆ ಉಳಿದೆರಡು ಅದನ್ನು ಮರಳಿ ಕರೆತರುತ್ತವೆ ಎಂದು ಅವರು ಕಂಡುಕೊಂಡರು. ಅವರ ಮುಂದಿನ 50 ವರ್ಷಗಳ ಬದುಕೆಲ್ಲವೂ ಈ ಮೂರರ ಮೇಲಿನ ಹೋರಾಟವೇ. ಅವುಗಳಲ್ಲಿ ಬಡತನದ ವಿರುದ್ಧ ಅವರು ಹಿಡಿದ ಉಪಾಯ ಬ್ಯಾಂಕು. ಡಾಕ್ಟರೊಬ್ಬರು ಬ್ಯಾಂಕನ್ನು ಸ್ಥಾಪಿಸಿದರೆಂದರೆ ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಪೈಗಳ ಮಟ್ಟಿಗೆ ಅದು ಚಿಕಿತ್ಸೆಯ ಮುಂದುವರಿಕೆಯೇ ಆಗಿತ್ತು.

ಇಲ್ಲಿ ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಹಿಂದಿನಿಂದಲೂ ಇತ್ತು. ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು. ಅಂತಹ ಬ್ಯಾಂಕುಗಳು ಕಾಫಿ, ಹೆಂಚು ಮೊದಲಾದ ದೊಡ್ಡ ವ್ಯಾಪಾರಗಳನ್ನು ನೋಡಿಕೊಳ್ಳುತ್ತಿದ್ದುವು. ಊರಿನವರು ತಮ್ಮದೇ ಸಂಸ್ಥೆಗಳನ್ನು ಕಟ್ಟತೊಡಗಿದುದು ಈ ಶತಮಾನಕ್ಕೆ ಹಿಂದಿನ ಶತಮಾನದ ಆರಂಭದಲ್ಲಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟುಹಾಕಿದ ಸಂಸ್ಥೆ ಕಾರ್ಪೊರೇಶನ್ ಬ್ಯಾಂಕೆಂದು ಹೆಸರಾಯಿತು. ಮೊಳಹಳ್ಳಿ ಶಿವರಾಯರು ಸಹಕಾರಿ ಬ್ಯಾಂಕನ್ನು ಬೆಳೆಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಬಂದುವು. ಒಂದು ಸಣ್ಣ ಜಿಲ್ಲೆಯಲ್ಲಿ 25 ವರ್ಷಗಳ ಅವಧಿಯಲ್ಲಿ ಇಷ್ಟು ಬ್ಯಾಂಕುಗಳು ಹುಟ್ಟಿ ಬಾಳಿದ ಉದಾಹರಣೆ ಭಾರತದಲ್ಲಿ ವಿರಳ.

ಆದರೂ ಈ ಬ್ಯಾಂಕುಗಳ ಬಾಗಿಲಿಗೆ ಹೋಗಲಾರದ ಜನ ಬಹಳವಿದ್ದರು. ಅವರಲ್ಲಿ ನೇಕಾರರು ಒಬ್ಬರು. ಉಡುಪಿಯ ಸುತ್ತಮುತ್ತ ಕೈಮಗ್ಗದ ಕಸುಬು ಬಹು ಹಿಂದಿನಿಂದ ನಡೆದುಬಂದಿದೆ. ಮೊದಲನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಗಿರಣಿಯ ಬಟ್ಟೆಯ ಪೈಪೋಟಿಯಿಂದ ಈ ಕಸುಬು ಕಷ್ಟಕ್ಕೆ ಸಿಕ್ಕಿತು. ನೇಕಾರನಿಗೆ ಮಗ್ಗವಿದೆ, ಕೈಯಲ್ಲಿ ಕೆಲಸವಿದೆ. ಆದರೆ ನೂಲು ಕೊಳ್ಳಲು ಹಣವಿಲ್ಲ. ನೂಲನ್ನು ಸಾಹುಕಾರ ಕೊಡುತ್ತಾನೆ, ನೆಯ್ದ ಬಟ್ಟೆಯನ್ನೂ ಅವನೇ ಒಯ್ಯುತ್ತಾನೆ. ನೂಲಿನ ಬೆಲೆಯನ್ನು ಹೇಳುವವನೂ ಬಟ್ಟೆಯ ಬೆಲೆಯನ್ನು ಹೇಳುವವನೂ ಒಬ್ಬನೇ ಆದರೆ ನಡುವೆ ನೇಕಾರನಿಗೆ ಉಳಿಯುವುದು ಕೂಲಿ ಮಾತ್ರ. ಮಳೆಗಾಲದಲ್ಲಿ ಬಟ್ಟೆ ಮಾರಾಟವಾಗದಿದ್ದರೆ ಆ ಕೂಲಿಯೂ ಇಲ್ಲ. ಅಕ್ಕಿಗಾಗಿ ಮತ್ತೆ ಅದೇ ಸಾಹುಕಾರನ ಬಳಿ ಸಾಲ. ಹತ್ತಿಪ್ಪತ್ತು ರೂಪಾಯಿ ಸ್ವಂತದ್ದಿದ್ದರೆ ಈ ಬಳ್ಳಿಯಿಂದ ಬಿಡಿಸಿಕೊಳ್ಳಬಹುದು. ಆದರೆ ಅಷ್ಟು ಸಣ್ಣ ಮೊತ್ತವನ್ನು, ಜಮೀನಿಲ್ಲದ, ಒಡವೆಯಿಲ್ಲದ ಮನುಷ್ಯನಿಗೆ ಯಾವ ಬ್ಯಾಂಕು ಕೊಟ್ಟೀತು?

ಈ ಪ್ರಶ್ನೆಗೆ ಉತ್ತರವಾಗಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಸ್ಥಾಪಿಸಿದವರು ಮೂವರು. ಪೈಗಳ ಅಣ್ಣ ಉಪೇಂದ್ರ ಅನಂತ ಪೈಗಳು ವ್ಯಾಪಾರಿಗಳು. ವಾಮನ ಕುಡ್ವರು ಇಂಜಿನಿಯರರು. ಮಾಧವ ಪೈಗಳು ಡಾಕ್ಟರು. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬುದು ಅದರ ಮೊದಲ ಉದ್ದೇಶಗಳಲ್ಲಿ ಒಂದು. ಹೆಸರಿನಲ್ಲಿಯೇ ಕೈಗಾರಿಕೆಯ ಮಾತು ಮೊದಲು, ಬ್ಯಾಂಕಿನ ಮಾತು ಆಮೇಲೆ ಬಂದಿರುವುದನ್ನು ಗಮನಿಸಬೇಕು. ಊರಿನ ಕಸುಬು ಬದುಕಲಿ, ಅದಕ್ಕಾಗಿ ಹಣದ ವ್ಯವಸ್ಥೆ ಇರಲಿ ಎಂಬುದು ಆ ಕ್ರಮ.

ಸಾಲ ಕೊಡಬೇಕಾದರೆ ಮೊದಲು ಹಣ ಬೇಕು. 8,000 ರೂಪಾಯಿ ಎಷ್ಟು ದಿನ ಬಂದೀತು? ಶ್ರೀಮಂತರ ಠೇವಣಿಯನ್ನು ನಂಬಿ ನಡೆಯುವ ಬ್ಯಾಂಕಿಗೆ ಶ್ರೀಮಂತರ ಮರ್ಜಿಯೇ ಆಧಾರ. ಒಬ್ಬ ದೊಡ್ಡ ಠೇವಣಿದಾರ ಹಣ ತೆಗೆದರೆ ಸಣ್ಣ ಬ್ಯಾಂಕು ನಡುಗುತ್ತದೆ. ಅಂದು ರಿಸರ್ವ್ ಬ್ಯಾಂಕು ಇರಲಿಲ್ಲ, ಅದು ಬಂದುದು 1935ರಲ್ಲಿ. ಠೇವಣಿಗೆ ವಿಮೆಯೂ ಇರಲಿಲ್ಲ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿದ ಬಳಿಕ 1962ರಲ್ಲಿ ಅದು ಜಾರಿಗೆ ಬಂತು. ಇಂತಹ ಕಾಲದಲ್ಲಿ ಬಡವರಿಗಾಗಿ ಹುಟ್ಟಿದ ಬ್ಯಾಂಕು ಯಾರ ಹಣದಿಂದ ಬೆಳೆಯಬೇಕು? ಬಡವರ ಹಣದಿಂದಲೇ ಎಂಬುದು ಈ ಸಂಸ್ಥೆಯ ಉತ್ತರ. 1928ರಲ್ಲಿ ಬ್ರಹ್ಮಾವರದಲ್ಲಿ ಶಾಖೆ ತೆರೆದ ಈ ಬ್ಯಾಂಕು ಅದೇ ವರ್ಷ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಆರಂಭಿಸಿತು.

ಯೋಜನೆ ಬಹಳ ಸರಳ. ಬ್ಯಾಂಕಿನ ಪ್ರತಿನಿಧಿಯೊಬ್ಬ ದಿನವೂ ಮನೆಗೆ, ಅಂಗಡಿಗೆ, ಸಂತೆಯ ಮೂಲೆಗೆ ಬರುತ್ತಾನೆ. ಎರಡಾಣೆಯಿಂದ ಮೊದಲುಗೊಂಡು ಶಕ್ತಿಯಿದ್ದಷ್ಟು ಹಣವನ್ನು ಅವನ ಕೈಗೆ ಕೊಟ್ಟರೆ ಅವನು ಗುರುತು ಹಾಕಿಕೊಟ್ಟು ಮುಂದೆ ಹೋಗುತ್ತಾನೆ. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ. ಅಂದರೆ 45 ರೂಪಾಯಿ 10 ಆಣೆ. ಅದರ ಮೇಲೆ ಬಡ್ಡಿ. ಒಮ್ಮೆಗೆ 45 ರೂಪಾಯಿಯನ್ನು ಕಾಣದ ಮನೆಯಲ್ಲಿ ವರ್ಷದ ಕೊನೆಗೆ ಅಷ್ಟು ಹಣ ಒಟ್ಟಾಗುವುದೆಂದರೆ ಅದು ನೂಲಿನ ಬೆಲೆ, ಅದು ಒಂದು ಹಸುವಿನ ಮಾತು, ಅದು ಮಗನ ಶಾಲೆಯ ಮಾತು. ಪಿಗ್ಮಿ ಎಂದರೆ ಕುಳ್ಳ ಎಂದರ್ಥ. ಆದರೆ ನಮ್ಮ ನಾಡಿನಲ್ಲಿ ಆ ಶಬ್ದದ ಮೂಲಾರ್ಥ ಮರೆತೇ ಹೋಗಿ, ಪಿಗ್ಮಿ ಕಟ್ಟುವುದು ಎಂದರೆ ದಿನವೂ ಉಳಿತಾಯ ಮಾಡುವುದು ಎಂಬ ಅರ್ಥವೇ ನೆಲೆಯಾಗಿದೆ. ಇಂದು ಹತ್ತಾರು ಸಹಕಾರಿ ಸಂಘಗಳು ಅದೇ ಹೆಸರಿನಲ್ಲಿ ಹಣ ಸಂಗ್ರಹಿಸುತ್ತವೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಯೋಜನೆಯನ್ನು ನೋಡುವಾಗ ಅದರಲ್ಲಿ ಮೂರು ಪ್ರಯೋಜನಗಳು ಕಾಣುತ್ತವೆ. ಮೊದಲನೆಯದಾಗಿ, ಚೆದರಿದ್ದ ಕಾಸುಗಳು ಒಂದೆಡೆ ಸೇರಿ ಬಂಡವಾಳವಾಗುತ್ತವೆ. ಎರಡನೆಯದಾಗಿ, ಈ ಬಂಡವಾಳ ಸ್ಥಿರವಾದುದು. ಸಾವಿರ ಮಂದಿ ಸಣ್ಣವರ ಠೇವಣಿ ಒಬ್ಬ ದೊಡ್ಡವನ ಠೇವಣಿಯಂತೆ ಒಂದೇ ದಿನ ಎದ್ದುಹೋಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ದಿನವೂ ಬರುವ ಸಂಗ್ರಾಹಕನಿಗೆ ಯಾರ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾರ ಮಗ್ಗ ಓಡುತ್ತಿದೆ, ಯಾರ ಮಗ್ಗ ನಿಂತಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಮಾತಿಗೆ ತಪ್ಪದವರು ಎಂಬುದೆಲ್ಲ ತಿಳಿಯುತ್ತದೆ. ಜಮೀನಿನ ಪತ್ರವಿಲ್ಲದ ಮನುಷ್ಯನಿಗೆ ಮುನ್ನೂರು ದಿನ ತಪ್ಪದೆ ಕಟ್ಟಿದ ಎರಡಾಣೆಯೇ ಯೋಗ್ಯತಾಪತ್ರವಾಗುತ್ತದೆ. ಕೂಡಿಟ್ಟ ಹಣದ ಆಧಾರದ ಮೇಲೆ ಸಾಲವನ್ನೂ ಪಡೆಯಬಹುದು. ಹೀಗೆ ಉಳಿಸುವವನೇ ಸಾಲ ಪಡೆಯುವವನಾಗಿ, ಊರಿನ ಹಣ ಊರಿನ ಕಸುಬಿಗೆ ಸಲ್ಲುವ ದಾರಿ ತೆರೆಯಿತು.

ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿ ತಮ್ಮ ಹೆಸರು ಬರೆದ ಒಂದು ಪಿಗ್ಮಿ ಪುಸ್ತಕವಿತ್ತು. ಮನೆಯ ರೇಶನ್ ಕಾರ್ಡಿನಲ್ಲಿ ಅವರು ಅಜ್ಜನ ಹೆಂಡತಿ. ಭೂಮಿಯ ಪತ್ರದಲ್ಲಿ ಅವರ ಹೆಸರೇ ಇಲ್ಲ. ಈ ಪುಸ್ತಕದಲ್ಲಿ ಮಾತ್ರ ಅವರೇ ಯಜಮಾನಿ. ಆ ಹಣದಿಂದ ಅವರು ಎರಡು ಕರುಗಳನ್ನು ಕೊಂಡು ಹಾಲಿನ ವ್ಯಾಪಾರ ಶುರುಮಾಡಿದುದನ್ನು ನಮ್ಮ ತಾಯಿ ಈಗಲೂ ಹೇಳುತ್ತಾರೆ. ಕರಾವಳಿಯಲ್ಲಿ ಇಂತಹ ಅಜ್ಜಿಯರು ಸಾವಿರಾರು. ಮೀನು ಮಾರುವವರು, ಮಲ್ಲಿಗೆ ಕಟ್ಟುವವರು, ಗೂಡಂಗಡಿಯವರು, ದರ್ಜಿಗಳು, ಕ್ಷೌರಿಕರು, ಹೋಟೆಲಿನ ಮಾಣಿಗಳು, ಇವರೆಲ್ಲರ ಹೆಸರುಗಳೂ ಬ್ಯಾಂಕಿನ ಪುಸ್ತಕಕ್ಕೆ ಬಂದುದು ಈ ಬಾಗಿಲಿನಿಂದ.

ಈ ಲೇಖನಕ್ಕಾಗಿ ನಮ್ಮೂರಿನಲ್ಲಿ ಬಹುಕಾಲ ಪಿಗ್ಮಿ ಸಂಗ್ರಹಿಸಿ ಈಗ ವಿಶ್ರಾಂತರಾಗಿರುವ ಹಿರಿಯರೊಬ್ಬರನ್ನು ಕಂಡು ಮಾತಾಡಿಸಿದೆ. ಅವರು ಮಳೆಗಾಲದಲ್ಲಿ ಗದ್ದೆಯ ಹುಣಿಯ ಮೇಲೆ ನಡೆದು ಹಣ ಸಂಗ್ರಹಿಸಿದುದನ್ನೂ, ಸಂಜೆ ಲೆಕ್ಕ ಒಪ್ಪಿಸುವಾಗ ನಾಲ್ಕಾಣೆ ಕಡಿಮೆಯಾದರೆ ತಮ್ಮ ಕಿಸೆಯಿಂದ ತುಂಬಿದುದನ್ನೂ ನಗುತ್ತ ಹೇಳಿದರು. ದೀಪಾವಳಿಯ ಅಂಗಡಿಪೂಜೆಯ ವಿಷಯವನ್ನು ಹೇಳುವಾಗ ಮಾತ್ರ ಅವರ ಮುಖ ಅರಳಿತು. ಸಾಲ ಪಡೆದು ಅಂಗಡಿ ಇಟ್ಟವರು ಆ ಸಂಜೆ ಅವರನ್ನೂ ಮ್ಯಾನೇಜರರನ್ನೂ ಕರೆಯದೆ ಪೂಜೆ ಮಾಡುತ್ತಿರಲಿಲ್ಲವಂತೆ. ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ, ಅವಲಕ್ಕಿ ಪಂಚಕಜ್ಜಾಯ ಹಂಚಿ, ಈ ವರ್ಷ ಇಷ್ಟು ಸಾಲ ತೀರಿತು ಎಂದು ಮನೆಯವರ ಮುಂದೆ ಹೇಳುವುದು ಅಂಗಡಿಯವರಿಗೆ ಅಭಿಮಾನದ ಸಂಗತಿ. ಮ್ಯಾನೇಜರರು ಅಲ್ಲಿ ಕುಳಿತು ಪಂಚಕಜ್ಜಾಯ ತಿಂದು, ಒಂದು ಸಾಮಾನನ್ನು ಹಣ ಕೊಟ್ಟು ಕೊಂಡು ಬರುತ್ತಿದ್ದರಂತೆ. ಬ್ಯಾಂಕು ತನ್ನ ಗಿರಾಕಿಯ ಯಶಸ್ಸನ್ನು ಕೊಂಡಾಡುವುದೆಂದರೆ ಇಷ್ಟೇ ಎಂದು ನನಗೆ ತೋರುತ್ತದೆ. ಶಾಲು ಹೊದೆಸಿ ಫಲಕ ಕೊಡುವುದು ತಪ್ಪಲ್ಲ. ಆದರೆ ಸಾಲ ತೀರಿಸಿದವನಿಗೆ ಮುಂದಿನ ವರ್ಷ ಕೇಳುವ ಮೊದಲೇ ಹೆಚ್ಚಿನ ಸಾಲಕ್ಕೆ ಅರ್ಹನೆಂದು ಹೇಳುವುದು ಅದಕ್ಕಿಂತ ದೊಡ್ಡ ಸನ್ಮಾನ.

ಇನ್ನು ಪೈಗಳ ಇತರ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಉಡುಪಿಯಿಂದ ಕೆಲವೇ ಮೈಲಿ ಪೂರ್ವಕ್ಕೆ ಮಣಿಪಾಲವೆಂಬ ಬೋಳುಗುಡ್ಡವಿತ್ತು. ಮುರಕಲ್ಲಿನ ಆ ಗುಡ್ಡದ ಮೇಲೆ ಹುಲ್ಲಲ್ಲದೆ ಬೇರೇನೂ ಬೆಳೆಯುತ್ತಿರಲಿಲ್ಲ. ಅಲ್ಲಿ ಪೈಗಳು ಒಂದು ವಿದ್ಯಾನಗರವನ್ನು ಕಟ್ಟಲು ಹೊರಟರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿತವಾಯಿತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಒಂದಾದ ಮೇಲೊಂದರಂತೆ ಬಂದುವು. ಸರಕಾರವಲ್ಲದೆ ಬೇರೆಯವರು ವೈದ್ಯಕೀಯ ಕಾಲೇಜನ್ನು ನಡೆಸಬಲ್ಲರೆಂದು ಆ ಕಾಲದಲ್ಲಿ ನಂಬಿದವರು ಕಡಿಮೆ. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲವಾದುದರಿಂದ ವಿದ್ಯಾರ್ಥಿಗಳು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಕಂಡು ಕಲಿಯುತ್ತಿದ್ದರು. ಬ್ಯಾಂಕಿನ ಪ್ರಧಾನ ಕಚೇರಿಯೂ ಕಾಲಕ್ರಮದಲ್ಲಿ ಇದೇ ಗುಡ್ಡಕ್ಕೆ ಬಂತು. ಮುಂಬಯಿ, ಕಲ್ಕತ್ತೆಗಳಲ್ಲಿ ಶಾಖೆಗಳುಳ್ಳ ಬ್ಯಾಂಕೊಂದರ ಪ್ರಧಾನ ಕಚೇರಿ ಒಂದು ಹಳ್ಳಿಯಲ್ಲಿರುವುದು ಇತರರಿಗೆ ಸೋಜಿಗವಾಗಿತ್ತು.

ಬ್ಯಾಂಕಿನ ಆಡಳಿತದಲ್ಲಿ ಪೈಗಳಿಗೆ ಬಲಗೈಯಾಗಿ ಬಂದವರಲ್ಲಿ ಅಣ್ಣನ ಮಗ ಟಿ. ಎ. ಪೈಗಳು ಪ್ರಮುಖರು, ಇವರು ಮುಂದೆ ಕೇಂದ್ರ ಸರಕಾರದಲ್ಲಿ ಮಂತ್ರಿಗಳಾದರು. 1960ರ ದಶಕದಲ್ಲಿ ಸಂಸ್ಥೆಯ ಉದ್ದನೆಯ ಹೆಸರು ಮೊಟಕಾಗಿ ಸಿಂಡಿಕೇಟ್ ಬ್ಯಾಂಕು ಎಂದಾಯಿತು. ಆ ದಶಕದಲ್ಲಿಯೇ, 1962ರಲ್ಲಿ, ಮಹಿಳೆಯರೇ ನಡೆಸುವ ಶಾಖೆಯೊಂದನ್ನು ಬೆಂಗಳೂರಿನ ಶೇಷಾದ್ರಿಪುರದಲ್ಲಿ ತೆರೆಯಲಾಯಿತು. ರೈತರಿಗೂ ಸಾಲ ಕೊಡತೊಡಗಿತು. ಇಡೀ ದೇಶದ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಒಟ್ಟು ಸಾಲದಲ್ಲಿ ಕೃಷಿಯ ಪಾಲು ಆಗ ಶೇಕಡಾ 2ರ ಸುಮಾರು ಎಂಬುದನ್ನು ನೆನೆದರೆ ಈ ಹಾದಿಯ ವಿಶೇಷ ತಿಳಿಯುತ್ತದೆ.

1969ನೆಯ ಇಸವಿ ಜುಲಾಯಿ 19ರಂದು ಕೇಂದ್ರ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯುಳ್ಳವು ಆ ಪಟ್ಟಿಗೆ ಸೇರಿದುವು. 8,000 ರೂಪಾಯಿಯಿಂದ ಹೊರಟ ಸಿಂಡಿಕೇಟ್ ಬ್ಯಾಂಕು ಆ ಹದಿನಾಲ್ಕರಲ್ಲಿ ಒಂದು. ಇದೇ ಜಿಲ್ಲೆಯ ಕೆನರಾ ಬ್ಯಾಂಕು ಇನ್ನೊಂದು. ದೊಡ್ಡ ಮನೆತನಗಳ ಹಿಡಿತದಲ್ಲಿದ್ದ ಬ್ಯಾಂಕುಗಳು ಸಣ್ಣವರನ್ನು ಕಡೆಗಣಿಸುತ್ತಿವೆ ಎಂಬುದು ರಾಷ್ಟ್ರೀಕರಣಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು. ಸಣ್ಣವರ ಎರಡಾಣೆಯಿಂದಲೇ ಬೆಳೆದ ಬ್ಯಾಂಕೂ ಅದೇ ಬಲೆಯಲ್ಲಿ ಬಂದುದು ವಿಧಿಯ ವಿನೋದವೆನ್ನಬೇಕು. ಆದರೆ ಅದರ ವಿಧಾನ ಅಷ್ಟಕ್ಕೆ ನಿಲ್ಲಲಿಲ್ಲ. ದೇಶದ ಮೊದಲ ಗ್ರಾಮೀಣ ಬ್ಯಾಂಕಾದ ಪ್ರಥಮಾ ಬ್ಯಾಂಕು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಹುಟ್ಟಿದಾಗ ಅದಕ್ಕೆ ಬೆಂಬಲವಾಗಿ ನಿಂತುದು ಸಿಂಡಿಕೇಟ್ ಬ್ಯಾಂಕೇ.

ಪೈಗಳಿಗೆ 1972ರಲ್ಲಿ ಪದ್ಮಶ್ರೀ ದೊರೆಯಿತು. 1979ರ ಮೇ 29ರಂದು ಅವರು ತೀರಿಕೊಂಡರು. ಆಗ ಅವರಿಗೆ 81 ವರ್ಷ. ಬೋಳುಗುಡ್ಡ ಆ ಹೊತ್ತಿಗೆ ದೇಶದ ನಾನಾ ಮೂಲೆಗಳ ವಿದ್ಯಾರ್ಥಿಗಳು ಬಂದು ಸೇರುವ ಪಟ್ಟಣವಾಗಿತ್ತು.

ಇಷ್ಟು ಹೇಳಿ ಮುಗಿಸಿದರೆ ಅದು ಬರೀ ಸ್ತುತಿಯಾದೀತು. ಪೈಗಳ ಸಂಸ್ಥೆಗಳ ವಿಷಯದಲ್ಲಿ ಎರಡು ಆಕ್ಷೇಪಗಳನ್ನು ನಾವು ಬದಿಗಿಡುವಂತಿಲ್ಲ. ಒಂದನೆಯದು, ಕಾಲೇಜುಗಳಿಗೆ ಸೇರುವವರಿಂದ ದೊಡ್ಡ ಮೊತ್ತದ ಹಣ ಪಡೆಯುವ ಪದ್ಧತಿ. ಸರಕಾರದ ನೆರವಿಲ್ಲದೆ ವೈದ್ಯಕೀಯ ಕಾಲೇಜನ್ನು ನಡೆಸಲು ಬೇರೆ ದಾರಿಯಿರಲಿಲ್ಲವೆಂದು ಕೆಲವರೂ, ವಿದ್ಯೆಯನ್ನು ಮಾರಾಟಕ್ಕಿಟ್ಟಂತಾಯಿತೆಂದು ಕೆಲವರೂ ವಾದಿಸಿದರು. ಈ ಪದ್ಧತಿ ನಾಡಿನಲ್ಲೆಲ್ಲ ಹರಡಿದಾಗ ಕರ್ನಾಟಕ ಸರಕಾರ ಅದನ್ನು ನಿಷೇಧಿಸಿ 1984ರಲ್ಲಿ ಕಾಯಿದೆ ತರಬೇಕಾಯಿತು. ಖಾಸಗಿ ಕಾಲೇಜುಗಳ ಹಕ್ಕುಗಳನ್ನು ಕುರಿತು 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಕೊಟ್ಟ ಪ್ರಸಿದ್ಧ ತೀರ್ಪೂ ಪೈಗಳ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯಲ್ಲಿಯೇ ಬಂದುದು. ಸರಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತು ಓದುವ ನಾವು ಈ ಪ್ರಶ್ನೆಯನ್ನು ಸುಮ್ಮನೆ ದಾಟಿ ಹೋಗಲಾರೆವು. ಎರಡಾಣೆಯವನಿಗೆ ಬ್ಯಾಂಕಿನ ಬಾಗಿಲು ತೆರೆದ ಕೈಗಳು ಕಟ್ಟಿದ ಕಾಲೇಜಿನ ಬಾಗಿಲು ಅದೇ ಎರಡಾಣೆಯವನ ಮಗನಿಗೆ ಎಷ್ಟು ತೆರೆಯಿತು ಎಂದು ಕೇಳುವುದು ಪೈಗಳಿಗೆ ಅಗೌರವವಲ್ಲ.

ಎರಡನೆಯ ಆಕ್ಷೇಪ ಪಿಗ್ಮಿ ಸಂಗ್ರಾಹಕರದು. ಬ್ಯಾಂಕನ್ನು ಮನೆಮನೆಗೆ ಒಯ್ದವರು ಅವರೇ. ಆದರೆ ಅವರಿಗೆ ಸಂಬಳವಿರಲಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಶನ್ ಮಾತ್ರ. ಅವರು ಬ್ಯಾಂಕಿನ ನೌಕರರೋ ಅಲ್ಲವೋ ಎಂಬ ವಿವಾದ ಹಲವು ವರ್ಷ ನಡೆದು, ಅವರನ್ನು ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ ಕೆಲಸಗಾರರೆಂದೇ ಎಣಿಸಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಊರಿನ ಸಣ್ಣ ವ್ಯಾಪಾರಿಯ ಶ್ರಮಕ್ಕೆ ಬೆಲೆ ಕೊಟ್ಟ ವ್ಯವಸ್ಥೆಯಲ್ಲಿ ಅವನ ಬಾಗಿಲಿಗೆ ನಡೆದವನ ಶ್ರಮಕ್ಕೆ ಹೆಸರು ಸಿಕ್ಕಲು 70 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

2020ರ ಎಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತ್ತು. ಹೀಗೆ ನಮ್ಮ ನೆಲದಲ್ಲಿ ಹುಟ್ಟಿದ ಮೂರು ಹೆಸರುಗಳು ಫಲಕಗಳಿಂದ ಮರೆಯಾದುವು. ಹಿರಿಯರು ಅನೇಕರು ಇದಕ್ಕಾಗಿ ಮರುಗಿದರು. ಹೆಸರಿನ ಮಾತಿಗಿಂತ ನನ್ನ ಚಿಂತೆ ಬೇರೆ. ನಮ್ಮ ನೆರೆಯ ಬಡಗಿಯೊಬ್ಬರು ಮರ ಕೊಯ್ಯುವ ಯಂತ್ರ ಕೊಳ್ಳಲು ಎರಡು ವರ್ಷಗಳ ಹಿಂದೆ ಒಂದು ಬ್ಯಾಂಕಿಗೆ ಹೋದರು. ಅವರು 30 ವರ್ಷದಿಂದ ಊರಿನ ಬಾಗಿಲು, ದಾರಂದಗಳನ್ನು ಮಾಡಿದವರು. ಅವರ ಕೆಲಸ ಊರಿಗೆಲ್ಲ ಗೊತ್ತು. ಆದರೆ ಕಾಗದದಲ್ಲಿ ತೋರಿಸಲು ಅವರಲ್ಲಿ ಏನೂ ಇರಲಿಲ್ಲ. ಬೇರೆ ರಾಜ್ಯದಿಂದ ಆ ತಿಂಗಳಷ್ಟೇ ವರ್ಗವಾಗಿ ಬಂದಿದ್ದ ಅಧಿಕಾರಿಗೆ ಕನ್ನಡವಾಗಲಿ ತುಳುವಾಗಲಿ ಬರುತ್ತಿರಲಿಲ್ಲ. ಮೂರು ಸಲ ನಡೆದು ನಾಲ್ಕನೆಯ ಸಲ ಅವರು ಹೋಗಲಿಲ್ಲ. ಆ ಅಧಿಕಾರಿಯೂ ಕೆಟ್ಟವರೆಂದು ನಾನು ಹೇಳುವುದಿಲ್ಲ. ಮನುಷ್ಯನನ್ನು ಬಲ್ಲವರು ಮೇಜಿನ ಆ ಬದಿಯಲ್ಲಿ ಇರಲಿಲ್ಲ, ಅಷ್ಟೇ.

ಕಾಲ ಬದಲಾಗಿದೆ, ಸೌಲಭ್ಯಗಳೂ ಹೆಚ್ಚಿವೆ ಎಂಬುದನ್ನು ಒಪ್ಪಲೇಬೇಕು. ಬ್ಯಾಂಕುಗಳು ತಮ್ಮ ಸಾಲದ ಶೇಕಡಾ 40ರಷ್ಟನ್ನು ಕೃಷಿ, ಸಣ್ಣ ಉದ್ಯಮ ಮೊದಲಾದ ಆದ್ಯತೆಯ ಕ್ಷೇತ್ರಗಳಿಗೆ ಕೊಡಬೇಕೆಂಬ ನಿಯಮವಿದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಯಾವ ಆಸ್ತಿಯನ್ನೂ ಅಡವಿಡದೆ ಸಾಲ ಪಡೆಯಬಹುದು. ಪೈಗಳು ತೀರಿಕೊಂಡ ಮೂರು ವರ್ಷಗಳ ಬಳಿಕ, 1982ರಲ್ಲಿ, ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯನ್ನು ತೆರೆದುವು. ಅಲ್ಲಿ ನಿರುದ್ಯೋಗಿ ತರುಣರಿಗೆ ಕಸುಬನ್ನು ಕಲಿಸಿ, ಸಾಲ ಪಡೆಯಲು ನೆರವಾಗಿ, ಆ ಬಳಿಕವೂ ಅವರನ್ನು ಹೋಗಿ ನೋಡಿ ವಿಚಾರಿಸುತ್ತಾರೆ. ಆ ಮಾದರಿಯನ್ನೇ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ದೇಶದಲ್ಲೆಲ್ಲ ಅನುಸರಿಸಿತು. ಹಣದ ಜತೆಗೆ ಮನುಷ್ಯನನ್ನೂ ಅರಿಯಬೇಕೆಂಬ ಹಳೆಯ ವಿಚಾರವೇ ಇಲ್ಲಿ ಹೊಸ ರೂಪ ತಾಳಿದೆ ಎಂದು ನನ್ನ ಭಾವನೆ.

ಇನ್ನು ಯಾರಿಗಾಗಿ ಈ ಬ್ಯಾಂಕು ಹುಟ್ಟಿತೋ ಆ ನೇಕಾರರ ವಿಷಯ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಆ ಹೊತ್ತಿಗೆ ಮಗ್ಗಗಳು ಬಹಳ ಕಡಿಮೆಯಾಗಿದ್ದುವು, ನೆಯ್ಯುವವರಲ್ಲಿ ಹೆಚ್ಚಿನವರು ಮುದುಕರು. ಬ್ಯಾಂಕು ಬೆಳೆಯಿತು, ಮಗ್ಗ ಉಳಿಯಲಿಲ್ಲ ಎಂದು ಯಾರಾದರೂ ಹೇಳಿದರೆ ಪೂರ್ತಿ ಅಲ್ಲಗಳೆಯಲಾರೆ. ಸಾಲವೊಂದೇ ಕಸುಬನ್ನು ಉಳಿಸಲಾರದು. ಕೊಳ್ಳುವವರು ಬೇಕು, ಕಲಿಯುವ ಮಕ್ಕಳು ಬೇಕು, ನ್ಯಾಯವಾದ ಕೂಲಿ ಬೇಕು. ಆದರೆ ಆ ಮಗ್ಗಗಳ ಮನೆಗಳಿಂದ ಉಪಾಧ್ಯಾಯರೂ ಗುಮಾಸ್ತರೂ ದಾದಿಯರೂ ಹೊರಟು ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರ ಫೀಸಿನ ಹಣ ಎಷ್ಟೋ ಮನೆಗಳಲ್ಲಿ ಪಿಗ್ಮಿ ಪುಸ್ತಕದಿಂದಲೇ ಬಂದುದು. ಈಚೆಗೆ ಕಿನ್ನಿಗೋಳಿಯ ಕಡೆ ನೇಕಾರರ ಸಹಕಾರ ಸಂಘದಲ್ಲಿ ಮತ್ತೆ ಹೊಸಬರು ಮಗ್ಗಕ್ಕೆ ಕುಳಿತಿದ್ದಾರೆಂಬುದು ಸಂತೋಷದ ಸಂಗತಿ.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಕೆಲವರು ಬರುವ ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತಿರುತ್ತಾರೆ. ಎಲ್ಲಿಗೋ ದೂರದ ಊರಿಗೆ ಹೋಗಬೇಕಾದೀತು. ಅಲ್ಲಿನ ಭಾಷೆ ಬಾರದಿದ್ದೀತು. ಆಗ ಮೊದಲ ತಿಂಗಳಲ್ಲಿಯೇ ಆ ಊರಿನ ಪೇಟೆಯಲ್ಲಿ ಒಂದು ಸಲ ಕಾಲುನಡಿಗೆಯಲ್ಲಿ ಹೋಗಿಬರಬೇಕೆಂದು ನನ್ನ ವಿನಂತಿ. ಯಾರ ಅಂಗಡಿ ಬೆಳಿಗ್ಗೆ ಬೇಗ ತೆರೆಯುತ್ತದೆ, ಯಾವ ಕಮ್ಮಾರನ ಕುಲುಮೆಯಲ್ಲಿ ಬೆಂಕಿಯಿದೆ, ಯಾವ ಹೆಂಗಸು ಮಳೆಯಲ್ಲಿಯೂ ಹೂವಿನ ಬುಟ್ಟಿ ಇಟ್ಟು ಕುಳಿತಿರುತ್ತಾಳೆ ಎಂಬುದನ್ನು ನೋಡಿಕೊಳ್ಳಬೇಕು. ಅವರು ನಾಳೆ ಕಾಗದವಿಲ್ಲದೆ ಬಂದು ಎದುರು ನಿಂತಾಗ ಅವರ ಪರವಾಗಿ ನಾಲ್ಕು ಸಾಲು ಬರೆಯಲು ಆ ನಡಿಗೆಯೇ ನಮಗೆ ಆಧಾರವಾಗುತ್ತದೆ. ಡಾ. ಪೈಗಳ ಬ್ಯಾಂಕು 1928ರಲ್ಲಿ ಮಾಡಿದುದು ಇದನ್ನೇ.